ಹೆಸರಿಡದೆ ಕಳೆದ ವರ್ಷ

ನನ್ನ ಮಗಳು ಹುಟ್ಟಿದ್ದು ದುಬೈಯಲ್ಲಿ ಎಂದು ರಾಣೆಬೆನ್ನೂರಿನ ನಮ್ಮ ಓಣಿಯವರು ಇಂದಿಗೂ ಹೇಳುತ್ತಾರೆ. ಹುಟ್ಟಿದ್ದು ದುಬೈಯಲ್ಲಲ್ಲ, ಮಸ್ಕತ್ತಿನಿಂದಲೂ ಬಹಳ ದೂರದಲ್ಲಿ, ಒಂದು ತರಕಾರಿ ತೋಟದ ಹತ್ತಿರದ ಸಣ್ಣ ಊರಿನಲ್ಲಿ. ಆದರೆ ನಮ್ಮ ಕಡೆ ಸಮುದ್ರ ದಾಟಿ ಕೊಲ್ಲಿ ದೇಶಕ್ಕೆ ಹೋದವರೆಲ್ಲ ದುಬೈಗೇ ಹೋದವರು. ತಿದ್ದಿ ತಿದ್ದಿ ಸಾಕಾಗಿ ನಾನೂ ಬಿಟ್ಟುಬಿಟ್ಟೆ. ಓಣಿಯವರು ತಪ್ಪು ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ. ಕಾಗದದಲ್ಲಿ ಇರಬೇಕಾದದ್ದು ಇಲ್ಲದೆ ಹೋದರೆ ಏನಾಗುತ್ತದೆ ಎನ್ನುವುದು ಆಗ ನಮಗೆ ಗೊತ್ತಿರಲಿಲ್ಲ.

ನಮ್ಮ ಮನೆಯವರು ರಾಣೆಬೆನ್ನೂರಿನಲ್ಲಿ ಸಸಿ ಬೆಳೆಸುವ ಕೆಲಸ ಮಾಡುತ್ತಿದ್ದರು. ಬೀಜದ ಕಂಪನಿಗಳಿಗೆ ಟೊಮೆಟೊ, ಮೆಣಸಿನ ಸಸಿ ಮಾಡಿಕೊಡುವುದು, ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣಾಳುಗಳ ಮೇಲ್ವಿಚಾರಣೆ, ಇಂಥವು. ಕೈಗುಣ ಒಳ್ಳೆಯದು ಎಂದು ಹೆಸರಿತ್ತು. ಯಾರದೋ ಪರಿಚಯದಿಂದ ಆ ಮರಳುಗಾಡಿನ ತೋಟದಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತು. ತೋಟದಲ್ಲೇ ಮನೆ ಕೊಟ್ಟರು. ಮದುವೆಯಾಗಿ ವರ್ಷ ತುಂಬುವುದರೊಳಗೆ ನಾನೂ ಹೋದೆ. ಹೊರಗೆ ಕಾದ ಹಂಚಿನಂಥ ನೆಲ, ಪ್ಲಾಸ್ಟಿಕ್ ಚಪ್ಪರದೊಳಗೆ ಸೌತೆ ಬಳ್ಳಿ. ಮಾತಾಡಲು ಹೆಣ್ಣುಮಕ್ಕಳಿಲ್ಲ. ನನ್ನ ಮಾತನ್ನೆಲ್ಲ ಅವರೊಬ್ಬರೇ ಕೇಳಬೇಕಿತ್ತು, ಪಾಪ ಕೇಳುತ್ತಿದ್ದರು.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ, ಹಾವೇರಿಗೆ ಬರಲು ಟಿಕೆಟ್ ಮಾಡಿಸಿಯಾಗಿತ್ತು. ಮಗಳಿಗೆ ಅವಸರ. ತಿಂಗಳು ತುಂಬುವ ಮೊದಲೇ, ಅಲ್ಲೇ ಹುಟ್ಟಿಬಿಟ್ಟಳು. ಆಸ್ಪತ್ರೆಯಿಂದ ಜನನದ ಕಾಗದ ಕೊಟ್ಟಾಗ ಹೆಸರಿನ ಜಾಗದಲ್ಲಿ ಇಂಥವರ ಹೆಣ್ಣುಮಗು ಎಂದಷ್ಟೇ ಇತ್ತು. ನಮಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ಹುಟ್ಟಿದ ಕೂಡಲೇ ಹೆಸರು ಎಲ್ಲಿಂದ ಬರಬೇಕು? ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿ, ಅದರ ತಂದೆಯ ಅಕ್ಕನೋ ತಂಗಿಯೋ, ಅಂದರೆ ಸೋದರತ್ತೆ, ಕಿವಿಯಲ್ಲಿ ಕುರ್‌ರ್ ಎಂದು ಕೂಗಿ ಹೆಸರು ಹೇಳಬೇಕು. ಆಮೇಲೆಯೇ ಅದು ಹೆಸರು. ಅದಕ್ಕೆ ಮೊದಲು ಎಲ್ಲರಿಗೂ ಅದು ಕೂಸು.

ಹೆರಿಗೆಯಾದ ಮೇಲೆ ನನಗೆ ಜ್ವರ ಬಿಡಲಿಲ್ಲ. ಬಾಣಂತನ ಮಾಡುವವರು ಯಾರೂ ಇರಲಿಲ್ಲ. ಅವರು ಬೆಳಗ್ಗೆ ತೋಟಕ್ಕೆ ಹೋಗಿ, ನಡುವೆ ಓಡಿ ಬಂದು ಗಂಜಿ ಕಾಸಿಟ್ಟು ಹೋಗುತ್ತಿದ್ದರು. ಕೊನೆಗೆ ನನ್ನನ್ನೂ ಕೂಸನ್ನೂ ಊರಿಗೆ ಕಳಿಸುವುದೆಂದಾಯಿತು. ಮಸ್ಕತ್ತಿನ ನಮ್ಮ ದೇಶದ ಕಚೇರಿಗೆ ಹೋದೆವು. ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು ಹಿಂದಿಯಲ್ಲಿ ಕೂಸಿನ ಹೆಸರು ಕೇಳಿದಳು. ಇನ್ನೂ ಇಟ್ಟಿಲ್ಲ, ನಮ್ಮ ಅಕ್ಕ ಇಡಬೇಕು ಎಂದು ಇವರು ಹೇಳಿದರು. ಅವಳಿಗೆ ನಗು ಬಂತು. ಆದರೂ ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದಳು. ಮಗು ಹೊರದೇಶದಲ್ಲಿ ಹುಟ್ಟಿದೆ, ತಂದೆ ತಾಯಿ ಭಾರತದವರು ಎಂದ ಮಾತ್ರಕ್ಕೆ ಸಾಲದು, ವರ್ಷದೊಳಗೆ ಹೆಸರು ತಂದು ಇಲ್ಲಿ ಜನನ ನೋಂದಾಯಿಸಬೇಕು, ಆಗಲೇ ಪೌರತ್ವ, ಆಗಲೇ ಪಾಸ್‌ಪೋರ್ಟ್. ಬಾಣಂತಿಯ ಸ್ಥಿತಿ ನೋಡಿ ಸದ್ಯಕ್ಕೆ ಊರಿಗೆ ಹೋಗಲು ಒಂದೇ ಸಲದ ಪ್ರಯಾಣದ ಕಾಗದ ಕೊಟ್ಟರು. ಹೋಗಬಹುದು, ಅದರ ಮೇಲೆ ಮರಳಿ ಬರುವಂತಿಲ್ಲ.

"ಒಂದು ವರ್ಷ ಐತಲ್ಲ ಬಿಡು," ಎಂದರು ಇವರು, ವಿಮಾನ ನಿಲ್ದಾಣದಲ್ಲಿ. "ಬರೂ ತಿಂಗಳ ತೊಟ್ಟಲಾ ಮಾಡಿ ಹೆಸರ ತಿಳಿಸ್ರಿ. ನಾ ಇಲ್ಲೆ ಬರಿಸ್ತೇನಿ." ಹೇಳುತ್ತ ಕೂಸಿನ ಕಾಲನ್ನು ಹಿಡಿದುಕೊಂಡೇ ಇದ್ದರು. ಬಿಡಿಸಿಕೊಂಡು ಹೋಗಬೇಕಾಯಿತು.

ಹಾವೇರಿಯಲ್ಲಿ ನನ್ನ ತವರಿನಲ್ಲಿ ತೊಟ್ಟಿಲ ತಯಾರಿ ನಡೆಯಿತು. ಅತ್ತೆ ರಾಣೆಬೆನ್ನೂರಿನಿಂದ ಬಂದಿದ್ದರು. ಅವರ ಒಬ್ಬಳೇ ಮಗಳು, ನನ್ನ ನಾದಿನಿ, ಬ್ಯಾಡಗಿಗೆ ಕೊಟ್ಟವಳು. ಮೆಣಸಿನಕಾಯಿ ವ್ಯಾಪಾರದ ಮನೆ. ಅವಳು ಬಂದಳೆಂದರೆ ಹಿಂದೆಯೇ ಘಾಟು ಬಂದು ಎಲ್ಲರೂ ಸೀನಬೇಕು, ಎಂದು ನಾವು ಕಾಡಿಸುತ್ತಿದ್ದೆವು. ತೊಟ್ಟಿಲಿನ ಹಿಂದಿನ ದಿನ ಅವಳು ಬರಲಿಲ್ಲ. ಅವಳ ಮಾವ ತೀರಿಕೊಂಡ ಸುದ್ದಿ ಬಂತು.

ಹಿರಿಯರು ಹೋದ ಮನೆಯಿಂದ ವರ್ಷ ಕಳೆಯುವ ತನಕ ಯಾರೂ ಶುಭಕಾರ್ಯಕ್ಕೆ ಕೈ ಹಚ್ಚುವುದಿಲ್ಲ. ಕೂಸಿಗೆ ಹೆಸರು ಕೂಗಬೇಕಾದವಳು ಅವಳೊಬ್ಬಳೇ. ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು.

ನಾನು ಜಗಳಗಂಟಿ ಎಂದು ತವರಿನಲ್ಲೂ ಗಂಡನ ಮನೆಯಲ್ಲೂ ಹೆಸರು ಮಾಡಿದವಳು. ಸುಮ್ಮನಿರಲಿಲ್ಲ. ಕಾಗದಕ್ಕೆ ಒಂದು ಹೆಸರು ಬರೆಸಿಬಿಡೋಣ, ತೊಟ್ಟಿಲು ಆಮೇಲೆ ಆಗಲಿ ಎಂದೆ. ಇವರೂ ಫೋನಿನಲ್ಲಿ ತಮ್ಮ ತಾಯಿಗೆ ಅದನ್ನೇ ಹೇಳಿದರು. ಅತ್ತೆ ಫೋನನ್ನು ಕೆಳಗಿಟ್ಟು ನನ್ನ ಮುಂದೆ ಕೂತರು.

"ನನ್ನ ಮೊದಲನೇ ಕೂಸಿಗೆ ದವಾಖಾನಿಯೊಳಗ ನರ್ಸಬಾಯಿ ಹೆಸರ ಬರಕೊಂಡಿದ್ಲು," ಎಂದರು. "ತೊಟ್ಟಲಾ ಆಗೂಕಿಂತ ಮೊದ್ಲ. ಆ ಕೂಸು ತೊಟ್ಟಲಾ ಕಾಣಲಿಲ್ಲ. ನಿನ್ನ ಗಂಡನಕಿಂತ ಹಿರ್ಯಾ ಅಂವ. ನೀ ಕಲ್ತಾಕಿ, ನಿನಗ ಇದು ಹುಚ್ಚ ಅನಸ್ತೈತಿ. ಅನಸ್ಲಿ. ಖರೇ ನನ್ನ ಕೈಲೆ ಇನ್ನೊಂದ್ಸಲ ಆಗೂದಿಲ್ಲವಾ."

ಇದಕ್ಕೆ ಎದುರಾಡುವುದು ಹೇಗೆ? ಬೇರೆ ಏನಾದರೂ ಹೇಳಿದ್ದರೆ ನಾನು ಅವರನ್ನು ಬಿಡುತ್ತಿರಲಿಲ್ಲ. ನನ್ನ ಮಡಿಲಲ್ಲೂ ಆಗ ಒಂದು ಕೂಸಿತ್ತು. ಅಂಜಿಕೆ ನನ್ನೊಳಗೂ ಹೊಕ್ಕಿತು. ವರ್ಷವೆಂದರೆ ಬಹಳ ದೊಡ್ಡದು, ಅದು ಮುಗಿಯುವುದರೊಳಗೆ ಹೇಗಾದರೂ ಆದೀತು ಎಂದು ಎಲ್ಲರೂ ನಂಬಿಕೊಂಡೆವು. ನಾದಿನಿಯ ಮನೆಯ ವರ್ಷ ಮುಗಿಯುವ ಹೊತ್ತಿಗೆ ಕೂಸು ಹುಟ್ಟಿ ವರ್ಷದ ಮೇಲೆ ಆಗಿರುತ್ತದೆ ಎಂಬ ಸಣ್ಣ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಹೀಗೆ ನನ್ನ ಮಗಳು ಹೆಸರಿಲ್ಲದೆ ಬೆಳೆದಳು. ಲಸಿಕೆಯ ಕಾರ್ಡಿನಲ್ಲಿ ಹೆಣ್ಣು ಕೂಸು. ಓಣಿಯಲ್ಲಿ ದುಬೈ ಕೂಸು. ಕೂಸೇ ಎಂದರೆ ತಿರುಗಿ ನೋಡಿ ನಗುತ್ತಿದ್ದಳು. ಭಾನುವಾರ ಫೋನು ಬಂದರೆ ನನ್ನ ಕೈಯಿಂದ ಕಸಿದುಕೊಂಡು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಅತ್ತ ಇವರು ಏನು ಹೇಳುತ್ತಿದ್ದರೋ, ಇವಳು ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ನೀ ತಲೆಯಾಡಿಸಿದ್ದು ಅಪ್ಪನಿಗೆ ಕಾಣುವುದಿಲ್ಲ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ.

ವರ್ಷ ಕಳೆದು ತೊಟ್ಟಿಲಾದ ದಿನ ಹಾವೇರಿಯ ಮನೆ ತುಂಬಿತ್ತು. ಓಡಾಡುವ ಹುಡುಗಿಯನ್ನು ತೊಟ್ಟಿಲಲ್ಲಿ ಮಲಗಿಸುವುದು ಆಗುವ ಮಾತೇ? ಮಲಗಿಸಿದರೆ ಏಳುತ್ತಾಳೆ, ಹಿಡಿದರೆ ಒದೆಯುತ್ತಾಳೆ. ಗುಗ್ಗರಿಯ ತಟ್ಟೆ ಕೈಗೆ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂತಳು. ನಾದಿನಿ ಬಗ್ಗಿ ಕಿವಿಯಲ್ಲಿ ಹೆಸರು ಕೂಗಿದಳು, ಉಳಿದ ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿದರು, ತಡ ಮಾಡಿದ್ದಕ್ಕೆ ಎಂದು ನಾನು ಒಂದು ಹೆಚ್ಚಿಗೆಯೇ ಗುದ್ದಿದೆ. ಎಲ್ಲರೂ ನಕ್ಕೆವು. ಫೋನನ್ನು ತೊಟ್ಟಿಲ ಹತ್ತಿರ ಹಿಡಿದಿದ್ದೆವು. ಅತ್ತಲಿಂದ ಇವರು ಆ ಹೆಸರನ್ನು ಮತ್ತೆ ಮತ್ತೆ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ನಾವು ಮನಸಾರೆ ನಕ್ಕ ಕೊನೆಯ ದಿನ ಅದು.

ಹೆಸರು ಹಿಡಿದುಕೊಂಡು ಇವರು ಮಸ್ಕತ್ತಿಗೆ ಹೋದರು. ಸಂಜೆ ಫೋನು ಮಾಡಿದಾಗ ದನಿ ಇಳಿದಿತ್ತು. "ವರ್ಷ ದಾಟೇತಂತ. ಇನ್ನ ಅವರ ಕೈಯಾಗಿಲ್ಲಂತ. ದಿಲ್ಲಿಯಿಂದ ಪರವಾನಗಿ ಬರಬೇಕಂತ." ನಾನು ಕೇಳಿದೆ, ಎಷ್ಟು ದಿನ ಆಗುತ್ತದೆ ಎಂದು. "ಅವರಿಗೂ ಗೊತ್ತಿಲ್ಲ," ಎಂದರು.

ರಾಣೆಬೆನ್ನೂರಿನಿಂದ ನಾನೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ನೋಡಿದೆ. ಅಪ್ಪನೂ ಭಾರತದವನು, ಅವ್ವನೂ ಭಾರತದವಳು, ಮಗಳು ಇಲ್ಲೇ ನನ್ನ ಸೊಂಟದ ಮೇಲೆ ಕೂತಿದ್ದಾಳೆ, ಇದಕ್ಕಿಂತ ಹೆಚ್ಚಿಗೆ ಏನು ಬೇಕು ಎಂದು ನನ್ನ ವಾದ. ಮೊದಲು ಪೌರತ್ವದ ನೋಂದಣಿ ತನ್ನಿ ಎಂದು ಉತ್ತರ ಬಂತು. ಬೀಜದ ಚೀಲಕ್ಕೆ ಚೀಟಿ ಇಲ್ಲದಿದ್ದರೆ ಒಳಗಿನ ಕಾಳು ಎಷ್ಟು ಚೆನ್ನಾಗಿದ್ದರೂ ಅಂಗಡಿಯವನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಗೆ ಎಂದು ಇವರು ಫೋನಿನಲ್ಲಿ ಸಮಾಧಾನ ಹೇಳಿದರು. ನನ್ನ ಮಗಳು ಸೌತೆಬೀಜವಲ್ಲ ಎಂದು ನಾನು ರೇಗಿ ಫೋನು ಇಟ್ಟೆ. ಸಿಟ್ಟು ಯಾರ ಮೇಲೋ, ಬೈಸಿಕೊಂಡವರು ಅವರು.

ದೆಹಲಿಯವರು ವಿಚಾರಣೆಗೆಂದು ಹಾವೇರಿಗೆ ಬರೆದರು. ಜಿಲ್ಲಾ ಕಚೇರಿಗೆ ನನ್ನ ಓಡಾಟ ಶುರುವಾಯಿತು. ಅತ್ತೆ ಪ್ರತಿ ಸಲ ಜೊತೆಗೆ ಬರುತ್ತಿದ್ದರು, ಬೇಡವೆಂದರೂ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಮೊಮ್ಮಗಳಿಗೆ ಬಾಳೆಹಣ್ಣು. ಕಚೇರಿಯ ವರಾಂಡದಲ್ಲಿ ಕೂತು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಆ ಗಟ್ಟಿ ಹೆಂಗಸು ಅಲ್ಲಿ ಮುದುಡಿ ಕೂರುವುದನ್ನು ನೋಡಿದರೆ ನನ್ನ ಸಿಟ್ಟೆಲ್ಲ ಹೊಟ್ಟೆಯೊಳಗೇ ಕರಗುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ತಮ್ಮಷ್ಟಕ್ಕೆ ಹೇಳಿದರು, "ಅಂವನೂ ಹೋದ ಹೆಸರಿಟ್ಟಿದ್ದಕ್ಕ, ಇಕಿನೂ ಸಿಕ್ಕಿಬಿದ್ಲು ಹೆಸರಿಡಲಾರದ್ದಕ್ಕ. ನಾ ಏನ್ ಮಾಡ್ಲಿ?" ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ ಹಿಡಿದಿದ್ದು.

ಕಚೇರಿಯಲ್ಲಿ ನಮ್ಮ ಕೆಲಸ ನೋಡುತ್ತಿದ್ದವರು ನಡುವಯಸ್ಸಿನ ಕಾರಕೂನರು. ಒಳ್ಳೆಯ ಮನುಷ್ಯ. ಇಂಥ ಪ್ರಕರಣ ತಾನು ಕಂಡಿಲ್ಲ ಎಂದು ಮೊದಲೇ ಹೇಳಿಬಿಟ್ಟರು.

"ಇಕಿ ಹತ್ರ ಬ್ಯಾರೆ ದೇಶದ ಪಾಸ್‌ಪೋರ್ಟ್ ಇಲ್ಲಂತ ನೀವಿಬ್ರೂ ಬರದು ಸಹಿ ಮಾಡಬೇಕ್ರಿ ಅಕ್ಕಾರ," ಎಂದರು.

"ಯಾವ ದೇಶದ್ದೂ ಇಲ್ರಿ. ಅದಕ್ಕ ನಾ ಇಲ್ಲಿ ಬಂದೇನಿ."

"ಗೊತ್ತೈತ್ರಿ. ಆದ್ರೂ ಬರೀಬೇಕ್ರಿ."

ಬರೆದೆ. ಇವರ ಸಹಿಗೆ ಕಾಗದ ಸಮುದ್ರ ದಾಟಿ ಹೋಗಿ ಬಂತು. ಹೆಸರಿಲ್ಲದ ಆ ಹೆಣ್ಣುಮಗುವೂ ಹೆಸರಿರುವ ಈ ಹುಡುಗಿಯೂ ಒಬ್ಬಳೇ ಎಂದು ಪ್ರಮಾಣ ಮಾಡಿ ಇನ್ನೊಂದು ಬರೆದೆ. ಕಾರಕೂನರು ನನ್ನ ಮುಖ ನೋಡಿ, ಇಷ್ಟು ಅವಸರ ಯಾಕೆ, ಹುಡುಗಿ ನಿಮ್ಮ ಹತ್ತಿರವೇ ಇದ್ದಾಳಲ್ಲ ಎಂದು ಕೇಳಿದರು. ಅವಳನ್ನು ಅವರಪ್ಪನ ಕಡೆ ಕರೆದುಕೊಂಡು ಹೋಗಬೇಕು, ಅವಳಿಗೆ ಅವರ ಮುಖದ ನೆನಪಿಲ್ಲ ಎಂದೆ.

ಪೊಲೀಸ್ ವಿಚಾರಣೆಗೂ ಒಬ್ಬರು ಮನೆಗೆ ಬಂದರು. ಓಣಿಯವರೆಲ್ಲ ಸಾಕ್ಷಿ ಹೇಳಲು ಮುಗಿಬಿದ್ದರು. ಹೌದ್ರಿ, ದುಬೈಯಾಗ ಹುಟ್ಟೇತ್ರಿ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬಂದವರು ನಕ್ಕು, ಸರಿಯಾದದ್ದನ್ನೇ ಬರೆದುಕೊಂಡು, ಚಹಾ ಕುಡಿದು ಹೋದರು.

ಇವರು ಯಾಕೆ ಬರಲಿಲ್ಲ ಎಂದು ಕೇಳುವವರಿದ್ದಾರೆ. ಕರಾರಿನ ಅವಧಿ ಮುಗಿದ ಮೇಲೆಯೇ ರಜೆ. ಮುಗಿಯುತ್ತ ಬಂದಾಗ ಮಾಲೀಕರು ಇನ್ನೊಂದು ಬೆಳೆ ತೆಗೆದುಕೊಟ್ಟು ಹೋಗು ಎಂದರು. ಇವರು ಒಪ್ಪಿದರು. ಅಷ್ಟರಲ್ಲಿ ಕಾಗದ ಬರಲಿ, ನಾನು ಅಲ್ಲಿಗೆ ಬರುವ ಬದಲು ನೀವಿಬ್ಬರೂ ಇಲ್ಲಿಗೇ ಬನ್ನಿ, ಸಂಸಾರ ಒಂದು ಕಡೆ ಆಗುತ್ತದೆ ಎಂದು ಅವರ ಆಸೆ. ನನ್ನದೂ ಅದೇ ಆಸೆ. ನಾನೊಬ್ಬಳೇ ಹೋಗಿ ಬರಬಹುದಿತ್ತು, ನನ್ನ ಪಾಸ್‌ಪೋರ್ಟ್ ಗಟ್ಟಿಯಿತ್ತು. ಎದೆಹಾಲು ಬಿಡದ ಮಗಳನ್ನು ಬಿಟ್ಟು ಹೇಗೆ ಹೋಗಲಿ?

ಆಮೇಲೆ ಕಾಮಾಲೆ ಎಂದರು. ಫೋನಿನಲ್ಲಿ ಅವರೇ ಹೇಳಿದ್ದು, ಬರಿಯ ಕಾಮಾಲೆ, ಪಥ್ಯ ಮಾಡಿದರೆ ಹೋಗುತ್ತದೆ. ಮುಂದಿನ ಭಾನುವಾರ ಫೋನು ಬರಲಿಲ್ಲ. ತೋಟದ ಒಬ್ಬ ಮಲಯಾಳಿ ಸಂಗಡಿಗ ಮಾಡಿದ. ಆಸ್ಪತ್ರೆಗೆ ಸೇರಿಸಿದ್ದಾರೆ, ಲಿವರ್ ಕೈಬಿಟ್ಟಿದೆ, ವಿಮಾನ ಹತ್ತಿಸುವ ಸ್ಥಿತಿಯಲ್ಲಿಲ್ಲ, ನೀವೇ ಬನ್ನಿ ಎಂದ. ಮಾಲೀಕರು ನನಗೂ ಮಗಳಿಗೂ ವೀಸಾ, ಟಿಕೆಟ್ ಎಲ್ಲ ಕೊಡಲು ತಯಾರಿದ್ದರು. ಮಗಳ ವೀಸಾ ಒತ್ತಲು ಪಾಸ್‌ಪೋರ್ಟ್ ಎಲ್ಲಿ?

ಹಾವೇರಿಗೆ ಓಡಿದೆ. ಕಾರಕೂನರು ಎದ್ದು ನಿಂತರು. ಇಲ್ಲಿಂದ ಕಳಿಸಬೇಕಾದದ್ದನ್ನು ಎಂದೋ ಕಳಿಸಿಯಾಗಿದೆ ಎಂದು ನಕಲು ತೋರಿಸಿದರು. ಅವರೇ ದೆಹಲಿಗೆ ಫೋನು ಹಚ್ಚಿ ಬಹಳ ಹೊತ್ತು ಹಿಡಿದು ಕೂತರು. ಕಡತ ಮೇಜಿನ ಮೇಲಿದೆ, ಆಗುತ್ತದೆ, ಎಂದರಂತೆ. ನನಗೆ ಯಾರನ್ನು ಬಯ್ಯಬೇಕೆಂದು ತಿಳಿಯಲಿಲ್ಲ. ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಅವನ ಕೊರಳಪಟ್ಟಿ ಹಿಡಿದು ಜಗ್ಗುತ್ತಿದ್ದೆ. ಎಲ್ಲರೂ ಒಳ್ಳೆಯವರೇ, ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದರು, ಆದರೂ ನನ್ನ ಮಗಳು ಹೋಗುವಂತಿರಲಿಲ್ಲ.

ಬ್ಯಾಡಗಿಯಲ್ಲಿ ನಾದಿನಿಯ ಮನೆಯಲ್ಲಿ ಮಗಳನ್ನು ಬಿಟ್ಟೆ. ಅಂಗಳದಲ್ಲಿ ಹರಡಿದ್ದ ಮೆಣಸಿನಕಾಯಿಯ ನಡುವೆ ಬರಿಗಾಲಲ್ಲಿ ಓಡಾಡುತ್ತಿದ್ದಳು, ನಾನು ಹೊರಟದ್ದನ್ನು ನೋಡಲಿಲ್ಲ. ನೋಡದಂತೆಯೇ ಹೋಗಬೇಕು ಎಂದು ನಾದಿನಿ ಹಿತ್ತಲ ಬಾಗಿಲಿನಿಂದ ಕಳಿಸಿದಳು. ಕಳಿಸುವಾಗ ಅಳುತ್ತ ಒಂದು ಮಾತು ಹೇಳಿದಳು. "ನಾ ತಮ್ಮಗ ಫೋನಿನ್ಯಾಗ ಹೇಳೇನಿ, ಅವ್ವಾ ಮಗಳು ಇಬ್ರೂ ಬರಾಕತ್ತಾರಂತ. ಅಂವಗ ಧೈರ್ಯ ಬರ್ಲಿ ಅಂತ ಹೇಳೀನವಾ. ಸಿಟ್ಟಿಗೇಳಬ್ಯಾಡ." ಸಿಟ್ಟಿಗೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಆಸ್ಪತ್ರೆಯ ಕೋಣೆಗೆ ಹೋದಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಮೈಯೆಲ್ಲ ಹಳದಿ, ಹೊಟ್ಟೆ ಉಬ್ಬಿತ್ತು, ಕೈಗಳು ಕಡ್ಡಿ. ಆದರೆ ಗಡ್ಡವನ್ನು ನುಣ್ಣಗೆ ಬೋಳಿಸಿಕೊಂಡಿದ್ದರು. ಅಲ್ಲಲ್ಲಿ ಗಾಯವಾಗಿ ರಕ್ತ ಒಣಗಿತ್ತು. ಆ ಮೈಯಲ್ಲಿ ರಕ್ತ ನಿಲ್ಲುವುದಿಲ್ಲ, ಬ್ಲೇಡು ಮುಟ್ಟಿಸಬಾರದೆಂದು ನರ್ಸು ಹೇಳಿದ್ದಳಂತೆ, ಕೇಳದೆ ಹಟ ಮಾಡಿ ಆ ಮಲಯಾಳಿ ಸಂಗಡಿಗನ ಕೈಯಿಂದ ಮಾಡಿಸಿಕೊಂಡಿದ್ದರು. ಮಗಳು ಕೂಸಾಗಿದ್ದಾಗ ಇವರ ಗಡ್ಡ ಚುಚ್ಚಿ ಅಳುತ್ತಿದ್ದಳು, ಅದಕ್ಕೆ.

ನನ್ನನ್ನು ನೋಡಿ ನಕ್ಕರು. ಆಮೇಲೆ ನನ್ನ ಪಕ್ಕಕ್ಕೆ, ಹಿಂದಕ್ಕೆ, ಬಾಗಿಲ ಕಡೆ ನೋಡಿದರು. ಕೆಳಗೆ ನೋಡಿದರು, ಸಣ್ಣವಳಲ್ಲವೇ, ನನ್ನ ಸೆರಗಿನ ಹಿಂದೆ ಇರಬಹುದೆಂದು.

"ಕೂಸೆಲ್ಲಿ?"

ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಇದು. "ಕೆಳಗ ಅದಾಳ್ರಿ. ಸಣ್ಣ ಹುಡುಗ್ರನ್ನ ಮ್ಯಾಲ ಬಿಡೂದಿಲ್ಲಂತ. ನಿಮ್ಮ ಮಾಲೀಕರ ಮನಿ ಹೆಣ್ಮಕ್ಳ ಜೋಡಿ ಕುಂತಾಳ."

ಅವರ ಮುಖ ಸಡಿಲಾಯಿತು. ದಿಂಬಿಗೆ ಪೂರ್ತಿ ಒರಗಿದರು. "ಬಂದಾಳಲ್ಲ," ಎಂದರು. "ಬಂದಾಳಲ್ಲ, ಸಾಕು. ನೋಡಿದ್ರಾತು."

ಅಲ್ಲಿಂದ ಅವರು ಹೋಗುವವರೆಗೆ ನನ್ನ ಮಗಳು ಆ ಆಸ್ಪತ್ರೆಯ ಕೆಳಗಿನ ಅಂತಸ್ತಿನಲ್ಲಿ ಇದ್ದಳು. ಏನು ತಿಂದಳು ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಬಿಸಿಲಿಗೆ ಬಿಡಬೇಡ, ಇಲ್ಲಿಯ ಬಿಸಿಲು ನಮ್ಮ ಊರಿನದರ ಹಾಗಲ್ಲ ಎನ್ನುತ್ತಿದ್ದರು. ಹೂಂ ಎನ್ನುತ್ತಿದ್ದೆ. ನನ್ನನ್ನು ಕೇಳುತ್ತಾಳೇನು ಎಂದರು ಒಮ್ಮೆ. ಯಾವಾಗಲೂ ಕೇಳುತ್ತಾಳೆ ಎಂದೆ, ಅದು ಮಾತ್ರ ಖರೆ. ಡಾಕ್ಟರನ್ನು ಕೇಳಿ ನಾಳೆ ಮೇಲೆ ಕರೆತರುತ್ತೇನೆ ಎಂದು ದಿನವೂ ಹೇಳುತ್ತಿದ್ದೆ. ಅವರು ಒಪ್ಪುತ್ತಿದ್ದರು. ಅವರಿಗೆ ಗೊತ್ತಾಗಿತ್ತೇ? ಇಷ್ಟು ವರ್ಷವಾದರೂ ನನಗೆ ತಿಳಿಯದು. ಒಂದು ಮಧ್ಯಾಹ್ನ ನನ್ನ ಕೈ ತಟ್ಟಿ, "ನೀ ಕೆಳಗ ಹೋಗು, ಅಕಿ ಒಬ್ಬಾಕಿನ ಅದಾಳ," ಎಂದರು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಮರಳಿ ಬರುವಷ್ಟರಲ್ಲಿ ಅವರಿಗೆ ಎಚ್ಚರ ತಪ್ಪಿತ್ತು. ಮತ್ತೆ ಮಾತಾಡಲಿಲ್ಲ.

ಸಾಯುವವನ ಮುಂದೆ ಸುಳ್ಳಾಡಿದೆ ಎಂದು ಯಾರಾದರೂ ಅಂದರೆ ಅನ್ನಲಿ. ಮತ್ತೆ ಅದೇ ಬಾಗಿಲಲ್ಲಿ ನಿಲ್ಲಿಸಿದರೆ ಮತ್ತೆ ಅದನ್ನೇ ಹೇಳುತ್ತೇನೆ.

ಅವರನ್ನು ಊರಿಗೆ ತರಲು ಬೇಕಾದ ಕಾಗದಗಳು ಎಷ್ಟು ಬೇಗ ಆದವೆಂದರೆ ನನಗೆ ನಂಬಲಾಗಲಿಲ್ಲ. ಮಾಲೀಕರು ಓಡಾಡಿದರು, ಮಸ್ಕತ್ತಿನ ನಮ್ಮ ದೇಶದ ಕಚೇರಿಯವರು ಊಟ ಬಿಟ್ಟು ಕೂತು ಸಹಿ, ಮುದ್ರೆ ಎಲ್ಲ ಮುಗಿಸಿಕೊಟ್ಟರು. ಸತ್ತವರಿಗೆ ಗಡಿ ದಾಟುವುದು ಸುಲಭ. ಕೃತಜ್ಞತೆ ಹೇಳಬೇಕಾದ ಜಾಗದಲ್ಲಿ ನನಗೆ ಹೊಟ್ಟೆ ಉರಿಯಿತು.

ರಾಣೆಬೆನ್ನೂರಿನ ಹತ್ತಿರ ಮೇಡ್ಲೇರಿಯ ನಮ್ಮ ಹೊಲದ ಅಂಚಿನಲ್ಲಿ, ಮೊದಲೇ ತೀರಿಹೋಗಿದ್ದ ಅವರ ತಂದೆಯ ಪಕ್ಕ, ಅವರನ್ನು ಮಣ್ಣು ಮಾಡಿದರು. ಸಣ್ಣ ಮಕ್ಕಳು ಇದನ್ನೆಲ್ಲ ನೋಡಬಾರದು, ಅಂಜುತ್ತಾರೆ ಎಂದು ಹಿರಿಯರು ಮಗಳನ್ನು ಬ್ಯಾಡಗಿಯಿಂದ ತರಿಸಲೇ ಇಲ್ಲ. ಪೆಟ್ಟಿಗೆಯನ್ನೂ ಬಹಳ ಹೊತ್ತು ತೆರೆದಿಡುವಂತಿರಲಿಲ್ಲ. ಜಗಳಗಂಟಿಯಾದ ನಾನು ಆ ದಿನ ಒಂದು ಮಾತೂ ಆಡಲಿಲ್ಲ. ಮಗಳಿಗೆ ಅಪ್ಪನ ಮುಖ ಆಗಲೂ ಕಾಣಲಿಲ್ಲ. ಮುಂದೆ ಎಷ್ಟೋ ದಿನ ಅವಳು ಭಾನುವಾರ ಫೋನಿನ ಪಕ್ಕ ಕೂರುತ್ತಿದ್ದಳು. ಎಬ್ಬಿಸಿದರೆ ಸಿಟ್ಟಾಗುತ್ತಿದ್ದಳು, ನನ್ನದೇ ಸ್ವಭಾವ. ಅತ್ತೆ ಅದನ್ನು ನೋಡಲಾರದೆ ಅಡುಗೆಮನೆಯಿಂದ ಹೊರಗೇ ಬರುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹಾವೇರಿಯಿಂದ ಕರೆ ಬಂತು. ದೆಹಲಿಯ ಪರವಾನಗಿ ಆಗಿದೆ, ಮಸ್ಕತ್ತಿನವರು ನೋಂದಣಿ ಪತ್ರ ಕಳಿಸಿದ್ದಾರೆ, ಹುಡುಗಿಯನ್ನು ಕರೆದುಕೊಂಡು ಬಂದು ಒಯ್ಯಿರಿ ಎಂದು. ಅತ್ತೆಗೆ ಏಳಲು ಆಗುತ್ತಿರಲಿಲ್ಲ. ಮಗಳನ್ನು ಕರೆದುಕೊಂಡು ನಾನೇ ಹೋದೆ.

ನಮ್ಮ ಕಾರಕೂನರು ಬಾಗಿಲಲ್ಲೇ ಎದುರಾದರು. ಅಷ್ಟು ಸಂತೋಷದಿಂದ ಅವರು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಮನೆಯ ಸುದ್ದಿ ಅವರವರೆಗೆ ಬಂದಿರಲಿಲ್ಲ. ಹಣೆ ನೋಡಲಿಲ್ಲ, ಕೊರಳು ನೋಡಲಿಲ್ಲ, ಅವರ ಕಣ್ಣೆಲ್ಲ ಆ ಪತ್ರದ ಮೇಲೆ. ಓದಿ ನೋಡ್ರಿ, ಎಲ್ಲ ಬರೋಬ್ಬರಿ ಐತೇನು ಎಂದರು. ಓದಿದೆ. ಮಗಳ ಹೆಸರು, ನನ್ನ ಹೆಸರು, ಅವಳ ಅಪ್ಪನ ಹೆಸರು, ಹುಟ್ಟಿದ ಊರು. ಎಲ್ಲ ಸರಿಯಾಗಿತ್ತು.

"ಬರೋಬ್ಬರಿ ಐತ್ರಿ," ಎಂದೆ.

"ಇನ್ನ ಪಾಸ್‌ಪೋರ್ಟಿಗೆ ತಡಾ ಇಲ್ರಿ. ನಮ್ಮ ದೇಶದ ಹುಡುಗಿ ಆದ್ಲು ನೋಡ್ರಿ ಇಕಿ!" ಎಂದು ಬಗ್ಗಿ ಮಗಳ ಗಲ್ಲ ಹಿಡಿದರು. "ಇನ್ನ ಲಗೂನ ಅವರಪ್ಪನ ಕಡೆ ಕರಕೊಂಡ ಹೋಗ್ರಿ ಅಕ್ಕಾರ."

ಅವರ ಸಂತೋಷವನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. "ಹೋಗ್ತೇನ್ರಿ," ಎಂದೆ. "ಇವತ್ತ ಹೋಗ್ತೇನಿ."

ಹಾವೇರಿಯಿಂದ ರಾಣೆಬೆನ್ನೂರಿಗೆ ಬಂದು ಇಳಿದೆ. ಮನೆಗೆ ಹೋಗಲಿಲ್ಲ. ಮೇಡ್ಲೇರಿಯ ಬಸ್ಸು ನಿಂತಿತ್ತು, ಹತ್ತಿದೆ. ಮಗಳು ಎಲ್ಲಿಗೆ ಎಂದು ಕೇಳಿದಳು. ಅಪ್ಪನ ಹತ್ತಿರ ಎಂದೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು ನೆಟ್ಟಗೆ ಕೂತಳು. ಊರು ದಾಟಿದ ಮೇಲೆ ಕಂಡಕ್ಟರ್ ಬಂದ. ಮೇಡ್ಲೇರಿ ಎಂದು ಹೇಳಿ, ಮಗಳಿಗೂ ಕೊಡಿ ಎಂದೆ. ಅವನು ಅವಳನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿದ.

"ಇಷ್ಟ ಸಣ್ಣಾಕಿಗೆ ಏನೂ ಬೇಕಾಗಿಲ್ರಿ," ಎಂದ. "ಹಂಗ ಕುಂದ್ರಿಸ್ಕೊಂಡ ಹೋಗ್ರಿ."

ನನಗೊಂದು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ನಾನು ಬಸ್ಸಿನ ತುಂಬ ಜನರ ಮುಂದೆ ದನಿ ತೆಗೆದು ಅತ್ತೆ.